ದುಡಿಯುವ ಮನೆಗೆ ತೆರಿಗೆ ಮರಳೀತೇ?

ತೆರಿಗೆ ಎಂದರೆ ಪ್ರಜೆಯ ಕೈಯಿಂದ ಸರ್ಕಾರದ ಬೊಕ್ಕಸಕ್ಕೆ ಹೋಗುವ ಹಣ ಎಂಬುದು ಸಾಮಾನ್ಯ ತಿಳಿವಳಿಕೆ. ಅದೇ ತೆರಿಗೆಯ ಲೆಕ್ಕದ ಮೂಲಕ ಬೊಕ್ಕಸದಿಂದ ಬಡ ದುಡಿಮೆಗಾರನ ಕೈಗೆ ಹಣ ಮರಳಿ ಬರುವ ಪದ್ಧತಿಯೊಂದು ಕೆಲವು ದೇಶಗಳಲ್ಲಿದೆ. ಅಮೆರಿಕ ಇದನ್ನು 1975ರಲ್ಲಿ ಆರಂಭಿಸಿತು. ಮಕ್ಕಳಿರುವ, ದುಡಿದರೂ ಕಡಿಮೆ ಗಳಿಸುವ ಕುಟುಂಬಕ್ಕೆ ಅದರ ಗಳಿಕೆಯ ಶೇಕಡಾ 10ರಷ್ಟನ್ನು, ಗರಿಷ್ಠ 400 ಡಾಲರುಗಳವರೆಗೆ, ತೆರಿಗೆಯಲ್ಲಿ ವಜಾ ಮಾಡುವುದು; ಕಟ್ಟಬೇಕಾದ ತೆರಿಗೆ ಅದಕ್ಕಿಂತ ಕಡಿಮೆಯಿದ್ದರೆ ಉಳಿದದ್ದನ್ನು ನಗದಾಗಿ ಕೊಡುವುದು, ಇದು ಅದರ ಕ್ರಮ. ಗಳಿಕೆ ಹೆಚ್ಚಿದಂತೆ ನೆರವು ಮೆಲ್ಲಗೆ ಕರಗುತ್ತ ಬಂದು 8,000 ಡಾಲರಿಗೆ ನಿಂತುಹೋಗುತ್ತಿತ್ತು. ಮುಂದೆ ಈ ಮೊತ್ತಗಳೆಲ್ಲ ಅನೇಕ ಪಟ್ಟು ಬೆಳೆದವು. 1986ರಲ್ಲಿ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ ಕೇಂದ್ರದ ನೆರವಿಗೆ ತನ್ನ ಪಾಲನ್ನೂ ಸೇರಿಸಿತು. ಇಂದು ಅಲ್ಲಿನ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇಂಥ ವ್ಯವಸ್ಥೆಯಿದೆ.

ಕರ್ನಾಟಕದಂಥ ರಾಜ್ಯ ಇದನ್ನು ತರಬೇಕೇ? ತರುವುದಾದರೆ ಹೇಗೆ? ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಬೆಳಗಾವಿ ನಗರ ಮತ್ತು ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದ ಖಾನಾಪುರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಒಂದು ತುದಿಯಲ್ಲಿ ಉದ್ಯಮಬಾಗದ ಫೌಂಡ್ರಿಗಳು, ವಡಗಾವಿ–ಶಹಾಪುರದ ಮಗ್ಗಗಳು, 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ. ಇನ್ನೊಂದು ತುದಿಯಲ್ಲಿ ಹಂಚು–ಮಡಕೆಗಳ ಊರು, ಭತ್ತದ ಗದ್ದೆ, ಸಹ್ಯಾದ್ರಿಯ ಕಾಡು. ಮರಾಠರು, ಮುಂಬಯಿ ಪ್ರಾಂತ, ಕರ್ನಾಟಕ ಹೀಗೆ ಒಂದಾದ ಮೇಲೊಂದು ಆಡಳಿತ ಈ ಸೀಮೆಯಲ್ಲಿ ಬಡವರ ತೆರಿಗೆಯನ್ನು ಒಂದೊಂದು ರೀತಿಯಲ್ಲಿ ನಿಭಾಯಿಸಿದೆ. ಆ ಅನುಭವವೇ ಇಂದಿನ ಪ್ರಶ್ನೆಗೆ ಅರ್ಧ ಉತ್ತರ ಹೇಳುತ್ತದೆ.

ಕೌಲು ಎಂಬ ಹಳೆಯ ಉಪಾಯ

ದುಡಿಮೆಗೆ ಪ್ರತಿಯಾಗಿ ತೆರಿಗೆ ಬಿಡುವುದು ನಮ್ಮ ನಾಡಿಗೆ ಹೊಸದಲ್ಲ. ಮರಾಠರ ಕಾಲದಲ್ಲಿ ಪಾಳುಬಿದ್ದ ಭೂಮಿಯನ್ನು ಹದಮಾಡಲು ಮುಂದೆ ಬಂದ ರೈತನಿಗೆ ‘ಕೌಲು’ ಕೊಡುತ್ತಿದ್ದರು. ಮೊದಲ ವರ್ಷ ನಾಮಮಾತ್ರದ ಸಾರಾ, ಮರುವರ್ಷ ತುಸು ಹೆಚ್ಚು, ಹೀಗೆ ಹಂತಹಂತವಾಗಿ ಏರುತ್ತ ಕೆಲವು ವರ್ಷಗಳ ಮೇಲೆ ಪೂರ್ಣ ದರ. ಕಾಡು ಕಡಿದು, ಕಲ್ಲು ಆರಿಸಿ, ಬದು ಕಟ್ಟಿದವನಿಗೆ ರಾಜ್ಯ ತನ್ನ ಪಾಲನ್ನು ಬಿಟ್ಟುಕೊಡುತ್ತಿತ್ತು. ಇದರಲ್ಲಿ ದಯೆಗಿಂತ ಲೆಕ್ಕಾಚಾರವೇ ಹೆಚ್ಚು. ರೈತ ಉಳಿದರೆ ಊರು ಉಳಿಯುತ್ತದೆ, ಊರು ಉಳಿದರೆ ಮುಂದಿನ ಸಾರಾ ಬರುತ್ತದೆ.

ಆದರೆ ಕೌಲು ಸಿಗುತ್ತಿದ್ದುದು ಭೂಮಿ ಹಿಡಿದವನಿಗೆ. ಅವನ ಹೊಲದಲ್ಲಿ ಕಾಳಿಗೆ ದುಡಿಯುವ ಆಳಿಗೆ ಅಲ್ಲ. ಆಳಿನ ಹೆಸರು ಕುಲಕರ್ಣಿಯ ದಫ್ತರದಲ್ಲಿ ಇರಲಿಲ್ಲ. ದಫ್ತರದಲ್ಲಿ ಹೆಸರಿಲ್ಲದವನಿಗೆ ರಿಯಾಯಿತಿಯೂ ಇಲ್ಲ ಎಂಬ ಈ ತೊಡಕು ಮುಂದಿನ ಎರಡು ಶತಮಾನಗಳ ಉದ್ದಕ್ಕೂ ಮತ್ತೆ ಮತ್ತೆ ಎದುರಾಗುತ್ತದೆ.

ದಫ್ತರವೆಂದರೆ ಈ ಸೀಮೆಯ ಜನರಿಗೆ ಏನೆಂಬುದನ್ನು ಸಂಗೊಳ್ಳಿ ರಾಯಣ್ಣನ ಬಂಡಾಯವೂ ತೋರಿಸಿಕೊಟ್ಟಿದೆ. ಜಮೀನು ಜಪ್ತಿ ಮತ್ತು ಏರಿದ ಕಂದಾಯ ಆ ಬಂಡಾಯದ ಕಾರಣಗಳಲ್ಲಿ ಸೇರಿದ್ದವು. ಇಂದಿನ ಖಾನಾಪುರ ತಾಲ್ಲೂಕಿನ ಬೀಡಿಯಲ್ಲಿದ್ದ ಸರ್ಕಾರಿ ಕಚೇರಿಗೆ ಬಂಡಾಯಗಾರರು ಬೆಂಕಿ ಹಚ್ಚಿದರು. 1831ರಲ್ಲಿ ಅದೇ ತಾಲ್ಲೂಕಿನ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು.

ಬರಗಾಲದ ಕೂಲಿ

1876ರಲ್ಲಿ ಮಳೆ ಕೈಕೊಟ್ಟಿತು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಮಹಾಕ್ಷಾಮಕ್ಕೆ ಸಿಕ್ಕವು. ಬೆಳಗಾವಿ ಜಿಲ್ಲೆಯ ಪೂರ್ವದ ಬಯಲುಸೀಮೆ ಹೆಚ್ಚು ನರಳಿತು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಏರುವ ಬದಲು ಇಳಿಯಿತು.

ಸರ್ಕಾರ ರಸ್ತೆ, ಕೆರೆ ಕಾಮಗಾರಿಗಳನ್ನು ತೆರೆದು ಕೂಲಿ ಕೊಟ್ಟಿತು. 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ ಆ ಕೂಲಿಯನ್ನೂ ಇಳಿಸಿದ. ವಯಸ್ಕ ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಒಂದಾಣೆ! ದಿನವಿಡೀ ಕಲ್ಲು ಒಡೆಯುವವನಿಗೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ವಾದಿಸಿದ. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಮಂದಿ ಕಾಮಗಾರಿಯನ್ನೇ ಬಿಟ್ಟು ನಡೆದರು; ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಮನವಿಗಳನ್ನು ಬರೆಯಿತು. ದುಡಿದರೆ ಮಾತ್ರ ನೆರವು ಎಂಬ ನಿಯಮ ಎಷ್ಟು ಕಠೋರವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಕಹಿ ಉದಾಹರಣೆ ಬೇಕಿಲ್ಲ. ದುಡಿಯಲು ತ್ರಾಣವೇ ಇಲ್ಲದವನನ್ನು ಆ ನಿಯಮ ಹೊರಗಿಟ್ಟಿತು, ತ್ರಾಣವಿದ್ದವನದನ್ನು ಸವೆಸಿತು.

ಕ್ಷಾಮದ ಖರ್ಚು ಯಾರು ತೆರಬೇಕು? ಇಲ್ಲಿಯೇ ತೆರಿಗೆಯ ಪ್ರಶ್ನೆ ಬಂದದ್ದು. ಮುಂಬಯಿ, ಮದರಾಸು ಪ್ರಾಂತಗಳಲ್ಲಿ ಉಪ್ಪಿನ ಸುಂಕವನ್ನು ಮಣಕ್ಕೆ 1 ರೂಪಾಯಿ 13 ಆಣೆಯಿಂದ 2 ರೂಪಾಯಿ 8 ಆಣೆಗೆ ಏರಿಸಿದರು. 1878ರಲ್ಲಿ ವ್ಯಾಪಾರಿಗಳ ಮೇಲೆ, ಕಸುಬುದಾರರ ಮೇಲೆ ಲೈಸೆನ್ಸ್ ತೆರಿಗೆ ಬಂತು. ಸರ್ಕಾರಿ ನೌಕರರು, ವಕೀಲರಂಥ ವೃತ್ತಿಯವರು ಮಾತ್ರ ಇದರಿಂದ ಪಾರಾದರು. ಚಿಕ್ಕ ನೇಕಾರ ತೆರುತ್ತಾನೆ, ದೊಡ್ಡ ಅಧಿಕಾರಿ ತೆರುವುದಿಲ್ಲ ಎಂಬ ಈ ಅನ್ಯಾಯಕ್ಕೆ ಸೂರತ್ತಿನಲ್ಲಿ ಗಲಭೆಯೇ ಆಯಿತು. ಕೊನೆಗೆ 1886ರ ಆದಾಯ ತೆರಿಗೆ ಕಾಯ್ದೆ ಸಂಬಳದಾರರನ್ನೂ ಒಳಗೆ ತಂದು, ವರ್ಷಕ್ಕೆ 500 ರೂಪಾಯಿಗಿಂತ ಕಡಿಮೆ ಗಳಿಸುವವರನ್ನು ಹೊರಗಿಟ್ಟಿತು. ಈಗ ಬೆಳಗಾವಿ ನಗರದ ಭಾಗವೇ ಆಗಿರುವ ಶಹಾಪುರ ಆಗ ಸಾಂಗಲಿ ಸಂಸ್ಥಾನದ್ದು. ಕೂಗಳತೆಯ ದೂರದಲ್ಲಿ ಒಂದೇ ಕಸುಬಿನವರು ಎರಡು ಸರ್ಕಾರಗಳಿಗೆ ತೆರಿಗೆ ಕೊಡುತ್ತಿದ್ದರು.

ಬಡವನಿಗೆ ಆದಾಯ ತೆರಿಗೆ ಬೇಡ ಎಂಬ ತತ್ತ್ವ ಅಂದಿನಿಂದ ಗಟ್ಟಿಯಾಯಿತು. ಆದರೆ ಅವನ ಉಪ್ಪಿನ ಸುಂಕ ಹಾಗೆಯೇ ಉಳಿಯಿತು. ಒಂದು ಬಾಗಿಲಲ್ಲಿ ವಿನಾಯಿತಿ, ಇನ್ನೊಂದರಲ್ಲಿ ವಸೂಲಿ. ಇಂದಿನ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಗಡಿಯ ಎರಡು ಬದಿ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ, ಚಂದಗಡ ತಾಲ್ಲೂಕನ್ನು ಬಿಟ್ಟು, ಅಂದಿನ ಮೈಸೂರು ರಾಜ್ಯಕ್ಕೆ ಬಂತು. ಗಡಿಯ ವಾದವಿವಾದಗಳ ಗದ್ದಲದಲ್ಲಿ ಇನ್ನೊಂದು ಸಂಗತಿ ಯಾರ ಗಮನಕ್ಕೂ ಬರಲಿಲ್ಲ. ಅದು ವೃತ್ತಿ ತೆರಿಗೆಯ ಕಥೆ.

1972ರ ಭೀಕರ ಬರದ ಹೊತ್ತಿಗೆ ಮಹಾರಾಷ್ಟ್ರ ಉದ್ಯೋಗ ಖಾತರಿ ಯೋಜನೆಯನ್ನು ಕೈಗೊಂಡಿತು. ಇದರ ಹಿಂದಿದ್ದ ವಿ. ಎಸ್. ಪಾಗೆ ನೆರೆಯ ಸಾಂಗಲಿ ಜಿಲ್ಲೆಯವರು. ಯೋಜನೆಗೆ ಹಣ ಬೇಕಲ್ಲ? 1975ರಲ್ಲಿ ಆ ರಾಜ್ಯ ವೃತ್ತಿ ತೆರಿಗೆ ಕಾಯ್ದೆ ತಂದು, ಪಟ್ಟಣದ ಸಂಬಳದಾರನಿಂದ, ವ್ಯಾಪಾರಿಯಿಂದ ಬಂದ ಹಣವನ್ನು ಹಳ್ಳಿಯ ಕೂಲಿಗೆಂದೇ ಮೀಸಲಿಟ್ಟಿತು. ಕೆಲಸ ಕೇಳುವುದು ಹಕ್ಕು ಎಂದು ಸಾರಿದ ಕಾಯ್ದೆ 1979ರ ಜನವರಿ 26ರಂದು ಜಾರಿಗೆ ಬಂತು.

ಮರುವರ್ಷವೇ, ಅಂದರೆ 1976ರಲ್ಲಿ, ಕರ್ನಾಟಕವೂ ವೃತ್ತಿ ತೆರಿಗೆ ಕಾಯ್ದೆ ಮಾಡಿತು. ತೆರಿಗೆ ಅದೇ, ತೆರುವವರೂ ಅದೇ ವರ್ಗದವರು. ಆದರೆ ಇಲ್ಲಿ ಆ ಹಣವನ್ನು ಯಾವ ಉದ್ಯೋಗ ಖಾತರಿಗೂ ಕಟ್ಟಿಹಾಕಲಿಲ್ಲ. ಹೀಗಾಗಿ ಚಂದಗಡದ ಕೂಲಿಕಾರನಿಗೆ 1979ರಲ್ಲಿ ದೊರೆತ ಹಕ್ಕು ಪಕ್ಕದ ಖಾನಾಪುರದ ಕೂಲಿಕಾರನಿಗೆ ದೊರೆಯಲು ರಾಷ್ಟ್ರೀಯ ಕಾಯ್ದೆಯೇ ಬರಬೇಕಾಯಿತು. 2005ರ ಉದ್ಯೋಗ ಖಾತರಿ ಕಾಯ್ದೆ ಬೆಳಗಾವಿ ಜಿಲ್ಲೆಗೆ ಎರಡನೆಯ ಹಂತದಲ್ಲಿ, 2007ರಲ್ಲಿ, ಬಂತು. ಒಂದೇ ಮಳೆ, ಒಂದೇ ಕಾಡು, ಒಂದೇ ಕಸುಬು. ನಡುವೆ 28 ವರ್ಷಗಳ ಅಂತರ! ರಾಜ್ಯವೊಂದು ತನ್ನ ತೆರಿಗೆಯನ್ನು ಎಲ್ಲಿಗೆ ಕಟ್ಟುತ್ತದೆ ಎಂಬುದು ಬರೀ ಲೆಕ್ಕಪತ್ರದ ವಿಷಯವಲ್ಲ ಎನ್ನಲು ಇಷ್ಟು ಸಾಕು.

ಆದಾಯ ತೆರಿಗೆಯ ಬಾಗಿಲು

ಇನ್ನು ಅಮೆರಿಕದ ಮಾದರಿಗೆ ಬರೋಣ. ಅದನ್ನು ಹಾಗೆಯೇ ಇಲ್ಲಿ ನೆಡಲು ಎರಡು ಅಡ್ಡಿಗಳಿವೆ.

ಮೊದಲನೆಯದು ಸಂವಿಧಾನದ್ದು. ಕೃಷಿ ಆದಾಯವೊಂದನ್ನು ಬಿಟ್ಟರೆ ಆದಾಯ ತೆರಿಗೆ ಕೇಂದ್ರದ ಅಧಿಕಾರ. ರಾಜ್ಯದ ಕೈಯಲ್ಲಿರುವ, ಸಂಬಳಕ್ಕೆ ಸಂಬಂಧಿಸಿದ ಏಕೈಕ ತೆರಿಗೆ ವೃತ್ತಿ ತೆರಿಗೆ. ಸಂವಿಧಾನದ 276ನೆಯ ವಿಧಿ ಅದಕ್ಕೂ ಮಿತಿ ಹಾಕಿದೆ. ಮೊದಲು ವರ್ಷಕ್ಕೆ 250 ರೂಪಾಯಿ, 1988ರ ತಿದ್ದುಪಡಿಯ ಬಳಿಕ 2,500 ರೂಪಾಯಿ. ತಿಂಗಳಿಗೆ ಮೂವತ್ತು ಸಾವಿರ ಗಳಿಸುವ ಗುಮಾಸ್ತನೂ ಮೂರು ಲಕ್ಷ ಗಳಿಸುವ ವ್ಯವಸ್ಥಾಪಕನೂ ತೆರುವುದು ಅಷ್ಟನ್ನೇ. ಕರ್ನಾಟಕ 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000 ರೂಪಾಯಿಗಿಂತ ಕಡಿಮೆ ಸಂಬಳದವರನ್ನು ಇದರಿಂದ ಬಿಟ್ಟಿದೆ. ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುವವನಿಗೆ ತಿಂಗಳಿಗೆ 200 ರೂಪಾಯಿ ಉಳಿಯಿತು, ಒಳ್ಳೆಯದೇ. ಆದರೆ ಸಂಬಳದ ಚೀಟಿಯೇ ಇಲ್ಲದ ಗೌಂಡಿಗೆ, ಕಬ್ಬು ಕಡಿಯುವವನಿಗೆ ಇದರಿಂದ ಬಂದದ್ದೇನೂ ಇಲ್ಲ.

ಎರಡನೆಯದು ಇನ್ನೂ ಮೂಲಭೂತವಾದದ್ದು. ನಮ್ಮ ಆದಾಯ ತೆರಿಗೆಯಲ್ಲೂ ಒಂದು ರಿಯಾಯಿತಿ ಇದೆ. 2013ರಲ್ಲಿ 2,000 ರೂಪಾಯಿಯಿಂದ ಆರಂಭವಾದದ್ದು 2025ರ ಬಜೆಟ್ಟಿನಲ್ಲಿ 60,000 ರೂಪಾಯಿಗೆ ಏರಿತು. ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ಗಳಿಸುವವರು ತೆರಿಗೆಯನ್ನೇ ಕಟ್ಟಬೇಕಿಲ್ಲ. ಆದರೆ ಇದು ಕಟ್ಟಬೇಕಾದ ತೆರಿಗೆಯನ್ನು ಅಳಿಸುತ್ತದೆ, ಅಷ್ಟೆ. ಕೈಗೆ ಏನನ್ನೂ ಕೊಡುವುದಿಲ್ಲ. 12 ಲಕ್ಷ ಗಳಿಸುವವರಿಗೆ 60,000 ಉಳಿತಾಯವಾದರೆ, ಒಂದೂವರೆ ಲಕ್ಷದಲ್ಲಿ ಸಂಸಾರ ತೂಗಿಸುವ ಖಾನಾಪುರದ ಕುಂಬಾರನಿಗೆ ಸೊನ್ನೆ. ಅವನು ಆ ದಫ್ತರದಲ್ಲೇ ಇಲ್ಲ. ಕೌಲಿನ ಕಾಲದ ಆಳಿಗೆ ಆದದ್ದೇ ಇವನಿಗೂ ಆಯಿತು.

ಹಾಗೆಂದು ಅವನು ತೆರಿಗೆ ಕೊಡುವುದಿಲ್ಲವೇ? ಸೋಪು, ಟೂತ್‌ಪೇಸ್ಟುಗಳ ಮೇಲಿನ ದರ 2025ರ ಸೆಪ್ಟೆಂಬರಿನಲ್ಲಿ ಶೇಕಡಾ 18ರಿಂದ 5ಕ್ಕೆ ಇಳಿಯಿತು ನಿಜ; ಆದರೆ ಮೊಬೈಲಿಗೆ ಹಾಕಿಸುವ ಹಣದ ಮೇಲೆ, ಮನೆ ಕಟ್ಟುವ ಸಿಮೆಂಟಿನ ಮೇಲೆ ಜಿಎಸ್‌ಟಿ ಇದ್ದೇ ಇದೆ. ಡೀಸೆಲ್ಲಿನ ತೆರಿಗೆ ಸಂತೆಯ ತರಕಾರಿಯ ಬೆಲೆಯೊಳಗೆ ಅಡಗಿ ಕೂತಿರುತ್ತದೆ. ದುಡಿದ ಮೈನೋವಿಗೆ ಕುಡಿಯುವ ಅಗ್ಗದ ಮದ್ಯದ ಮೇಲಿನ ಅಬಕಾರಿಯಂತೂ ನೇರವಾಗಿ ರಾಜ್ಯದ ಬೊಕ್ಕಸಕ್ಕೆ. 1877ರ ಉಪ್ಪಿನ ಸುಂಕ ಹೋಯಿತು. ಅದರ ಜಾಗ ಖಾಲಿ ಉಳಿಯಲಿಲ್ಲ.

ಈ ಸಂದರ್ಭದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಉದಾಹರಣೆ ನಮಗೆ ಹತ್ತಿರದ್ದು. ಅಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇರಲಿಲ್ಲ. ಬೊಕ್ಕಸ ಬಹುಪಾಲು ನಡೆದದ್ದು ಮಾರಾಟ ತೆರಿಗೆಯಿಂದ. ದುಡಿಯುವ ಬಡ ಕುಟುಂಬಗಳಿಗೆ ಆ ಮಾರಾಟ ತೆರಿಗೆಯ ಒಂದು ಭಾಗವನ್ನು ಮರಳಿಸುವ ಕಾಯ್ದೆಯನ್ನು 2008ರಲ್ಲೇ ಮಾಡಿದರು. ಹಣ ಒದಗಿಸದ ಕಾರಣ ಅದು ಕಾಗದದಲ್ಲೇ ಉಳಿದು, 2021ರಲ್ಲಿ ಮರುಜೀವ ಪಡೆದು, 2023ರಲ್ಲಿ ಅರ್ಜಿಗಳನ್ನು ಸ್ವೀಕರಿಸತೊಡಗಿತು. ತೆರಿಗೆ ಮರಳಿಸಲು ರಾಜ್ಯಕ್ಕೆ ಆದಾಯ ತೆರಿಗೆಯೇ ಇರಬೇಕೆಂದಿಲ್ಲ ಎಂಬುದು ಇದರ ಪಾಠ. ಆದರೆ ಅಲ್ಲಿಯ ಬಡವನೂ ವರ್ಷಕ್ಕೊಮ್ಮೆ ತೆರಿಗೆಯ ವಿವರ ಸಲ್ಲಿಸುತ್ತಾನೆ. ನಮ್ಮಲ್ಲಿ ಆ ಪುಸ್ತಕವೇ ಇಲ್ಲ.

ನಮ್ಮಲ್ಲಿರುವ ಪುಸ್ತಕಗಳು

ಇರುವುದು ಬೇರೆ ಪುಸ್ತಕಗಳು. ಮೊದಲನೆಯದು ಪಡಿತರ ಚೀಟಿ. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆ ಇದನ್ನೇ ಆಧರಿಸಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವಂಥದು. ಇದಕ್ಕೆ ಬಜೆಟ್ಟಿನಲ್ಲಿ ವರ್ಷಕ್ಕೆ 28 ಸಾವಿರ ಕೋಟಿಗೂ ಮಿಕ್ಕ ಹಣ ಇಡಲಾಗಿದೆ. ಭೀಮಗಡದ ಕಾಡಿನೊಳಗಿನ ಗವಳಿ, ಆಮಗಾಂವದಂಥ ಹಳ್ಳಿಯ ಹೆಂಗಸಿನ ದುಡಿಮೆ ಯಾವ ಹಾಜರಿ ಪಟ್ಟಿಯಲ್ಲೂ ದಾಖಲಾಗುವುದಿಲ್ಲ. ನೀರು, ಸೌದೆ, ದನ, ಗದ್ದೆ ಎಲ್ಲವೂ ಅವಳ ತಲೆಯ ಮೇಲೆ. ದುಡಿಮೆಯ ದಾಖಲೆ ಕೇಳದೆ ಕೊಡುವುದರಿಂದಲೇ ಈ ಹಣ ಅವಳನ್ನು ಮುಟ್ಟಬಲ್ಲದು. ಇದು ಯೋಜನೆಯ ದೊಡ್ಡ ಬಲ.

ಅದರ ದೌರ್ಬಲ್ಯ ಅಂಚಿನಲ್ಲಿದೆ. ಒಡತಿಯಾಗಲಿ ಅವಳ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾದರೆ, ಜಿಎಸ್‌ಟಿ ವಿವರ ಸಲ್ಲಿಸುವವರಾದರೆ ಹಣವಿಲ್ಲ. ವಡಗಾವಿಯಲ್ಲಿ ನಾಲ್ಕು ವಿದ್ಯುತ್ ಮಗ್ಗ ಇಟ್ಟುಕೊಂಡು, ವ್ಯಾಪಾರಕ್ಕೆ ಬೇಕೆಂದು ಜಿಎಸ್‌ಟಿ ಸಂಖ್ಯೆ ಪಡೆದ ನೇಕಾರ ನಷ್ಟದಲ್ಲಿದ್ದರೂ ಅವನ ಹೆಂಡತಿ ವರ್ಷದ 24,000 ರೂಪಾಯಿಯನ್ನು ಒಮ್ಮೆಗೇ ಕಳೆದುಕೊಳ್ಳುತ್ತಾಳೆ. ಲೆಕ್ಕ ಇಟ್ಟವನಿಗೆ ದಂಡ ಹಾಕಿದಂತಾಯಿತು. ನೆರವು ಮೆಟ್ಟಿಲಿನಂತೆ ಇಳಿಯಬೇಕು, ಬಾವಿಗೆ ಬಿದ್ದಂತೆ ನಿಲ್ಲಬಾರದು. ಕೌಲು ಹಂತಹಂತವಾಗಿ ಏರುತ್ತಿದ್ದುದನ್ನು ಇಲ್ಲಿ ನೆನೆಯಬೇಕು. ಆ ಕಾಲದ ಕಾರಕೂನನಿಗೆ ತಿಳಿದಿದ್ದ ಸೂಕ್ಷ್ಮ ಇದು.

ಎರಡನೆಯದು ಉದ್ಯೋಗ ಖಾತರಿಯ ಜಾಬ್ ಕಾರ್ಡು. ಕೆಲಸ ಮಾಡಿದ ದಿನಗಳ ಲೆಕ್ಕ ಇರುವುದು ಇಲ್ಲಿ. 2025–26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ. ನೂರು ದಿನಕ್ಕೆ 37,000. ಖಾನಾಪುರ ಸೀಮೆಯಲ್ಲಿ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ ಕೂಲಿಕಾರ ಹೆಂಗಸರನ್ನು ಒಗ್ಗೂಡಿಸಿ ಕೆಲಸ ಕೇಳುವ, ತಡವಾದ ಕೂಲಿಗಾಗಿ ಹೋರಾಡುವ ರೂಢಿಯನ್ನು ಬೆಳೆಸಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಬದಲಿಗೆ ಹೊಸತೊಂದನ್ನು ಅಂಗೀಕರಿಸಿದೆ: ದಿನಗಳು 125ಕ್ಕೆ ಏರುತ್ತವೆ, ಆದರೆ ವೆಚ್ಚದ ಶೇಕಡಾ 40ರಷ್ಟನ್ನು ಕರ್ನಾಟಕದಂಥ ರಾಜ್ಯಗಳು ಹೊರಬೇಕು. ಹಳೆಯ ಕಾಯ್ದೆಯಲ್ಲಿ ಕೂಲಿಯ ಪೂರ್ಣ ಹೊರೆ ಕೇಂದ್ರದ್ದಾಗಿತ್ತು. ಹೀಗಾಗಿ 1975ರಲ್ಲಿ ಮಹಾರಾಷ್ಟ್ರದ ಎದುರಿಗಿದ್ದ ಪ್ರಶ್ನೆ ಈಗ ಕರ್ನಾಟಕದ ಎದುರಿಗೆ ನೇರವಾಗಿ ಬಂದು ನಿಂತಿದೆ: ಹಳ್ಳಿಯ ಕೂಲಿಗೆ ಪಟ್ಟಣದ ಯಾವ ತೆರಿಗೆಯನ್ನು ಕಟ್ಟುವುದು?

ಮೂರನೆಯದು ಕಟ್ಟಡ ಕಾರ್ಮಿಕರ ಕಾರ್ಡು. 1996ರ ಕಾಯ್ದೆಯಂತೆ ಕಟ್ಟಡ ವೆಚ್ಚದ ಶೇಕಡಾ 1ರಷ್ಟು ಸೆಸ್ ವಸೂಲಾಗಿ ಕಲ್ಯಾಣ ಮಂಡಳಿಗೆ ಸೇರುತ್ತದೆ. ವರ್ಷದಲ್ಲಿ 90 ದಿನ ದುಡಿದವರು ನೋಂದಣಿಗೆ ಅರ್ಹರು. ಬೆಳಗಾವಿಯಲ್ಲಿ ಬಹುಮಹಡಿ ಏರಿದರೆ ಅದರ ಒಂದು ಪಾಲು ಗೌಂಡಿಯ ಮಗಳ ಓದಿಗೆ ಬರಬೇಕು ಎಂಬುದು ಇದರ ಆಶಯ. ದುಡಿಮೆಗೆ ಕಟ್ಟಿದ ತೆರಿಗೆ ಮರುಪಾವತಿಗೆ ನಮ್ಮಲ್ಲಿರುವ ಅತಿ ಹತ್ತಿರದ ರೂಪ ಇದೇ. ನಕಲಿ ಕಾರ್ಡುಗಳ ಹಾವಳಿ ಇದಕ್ಕೆ ಅಂಟಿದ ರೋಗ.

ನಾಲ್ಕನೆಯದಕ್ಕೆ ಪುಸ್ತಕವೇ ಬೇಡ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಖಾನಾಪುರದಿಂದ ಬೆಳಗಾವಿಗೆ ಕೆಲಸಕ್ಕೆ ಬರುವ ಹೆಂಗಸಿಗೆ ಬಸ್ಸಿನ ಟಿಕೆಟ್ಟು ಉಚಿತ. ಕೆಲಸಕ್ಕೆ ಹೋದ ದಿನವೆಲ್ಲ ಉಳಿತಾಯ, ಹೋಗದ ದಿನ ಇಲ್ಲ. ತೆರಿಗೆಯ ಹೆಸರಿಲ್ಲದಿದ್ದರೂ ಫಲದಲ್ಲಿ ಇದು ದುಡಿಮೆಗೆ ಕೊಟ್ಟ ರಿಯಾಯಿತಿಯೇ.

ಒಂದು ಎಚ್ಚರಿಕೆ

ದುಡಿಯುವವರಿಗೆ ಸರ್ಕಾರ ಹಣ ಸೇರಿಸಿಕೊಟ್ಟರೆ ಮಾಲೀಕರು ಕೂಲಿ ಇಳಿಸುತ್ತಾರೆ ಎಂಬ ಆಕ್ಷೇಪ ಹಳೆಯದು. 1795ರಲ್ಲಿ ಇಂಗ್ಲೆಂಡಿನ ಸ್ಪೀನ್‌ಹ್ಯಾಮ್‌ಲ್ಯಾಂಡಿನಲ್ಲಿ ರೊಟ್ಟಿಯ ಬೆಲೆಗೆ ತಕ್ಕಂತೆ ಕೂಲಿಗೆ ಪೂರಕ ಹಣ ಕೊಡುವ ಪದ್ಧತಿ ಬಂದಾಗ ಎದ್ದ ಆಕ್ಷೇಪವಿದು. 1834ರಲ್ಲಿ ಇಂಥ ನೆರವಿಗೆ ಕಡಿವಾಣ ಹಾಕುವ ಕಾಯ್ದೆಯೂ ಬಂತು. ಆ ವಾದ ಉತ್ಪ್ರೇಕ್ಷೆಯೆಂದು ಅನೇಕ ಇತಿಹಾಸಕಾರರು ಈಗ ಹೇಳುತ್ತಾರಾದರೂ ಅದರಲ್ಲಿ ಹುರುಳಿಲ್ಲದಿಲ್ಲ. ಕನಿಷ್ಠ ಕೂಲಿಯ ಗೋಡೆ ಗಟ್ಟಿಯಿಲ್ಲದಿದ್ದರೆ ಸರ್ಕಾರ ಸುರಿದ ನೀರು ಮಾಲೀಕನ ಹೊಲಕ್ಕೆ ಹರಿಯುತ್ತದೆ. ನೆರವಿನ ಜೊತೆಗೆ ಕಾರ್ಮಿಕ ಇಲಾಖೆಯ ತಪಾಸಣೆಯೂ ಬರಬೇಕು.

ಹಾಗಾದರೆ ಕರ್ನಾಟಕ ಏನು ಮಾಡಬೇಕು? ದುಡಿಯುವ ಬಡ ಕುಟುಂಬಕ್ಕೆ ತೆರಿಗೆಯ ಪಾಲು ಮರಳಿಸುವ ತತ್ತ್ವವನ್ನು ಒಪ್ಪಬೇಕು. ಆದಾಯ ತೆರಿಗೆಯ ಬಾಗಿಲನ್ನು ಮಾತ್ರ ಬಿಡಬೇಕು. ವೃತ್ತಿ ತೆರಿಗೆಯ ಹಣವನ್ನು ಹಳ್ಳಿಯ ಉದ್ಯೋಗ ಖಾತರಿಗೆ ಮೀಸಲಿಡಬಹುದು. ಖಾತರಿಯ ಕೆಲಸದಲ್ಲಿ, ಕಟ್ಟಡ ಕೆಲಸದಲ್ಲಿ ದಾಖಲಾದ ಪ್ರತಿ ದಿನಕ್ಕೂ ರಾಜ್ಯ ತನ್ನ ಕೈಯಿಂದ 50 ರೂಪಾಯಿ ಸೇರಿಸಿದರೂ ನೂರು ದಿನ ದುಡಿದವರ ಮನೆಗೆ 5,000 ಬಂದೀತು. ಗೃಹಲಕ್ಷ್ಮಿಯ ಅಂಚನ್ನು ಬಾವಿಯಿಂದ ಮೆಟ್ಟಿಲಾಗಿಸಬೇಕು. ದುಡಿಮೆಯ ದಾಖಲೆಯಿಲ್ಲ ಎಂಬ ಕಾರಣಕ್ಕೆ ಯಾರ ಮೂಲ ನೆರವನ್ನೂ ಕಿತ್ತುಕೊಳ್ಳಬಾರದು. ಟೆಂಪಲ್‌ನ ಕಾಲದ ತಪ್ಪು ಒಮ್ಮೆ ಆದದ್ದು ಸಾಕು.

ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ ಗಡಿಯ ಬಗ್ಗೆ ಬಿರುಸಿನ ಮಾತು ಪ್ರತಿಸಲವೂ ಕೇಳಿಬರುತ್ತದೆ. ಆ ಗಡಿಯ ಆಚೆ ಐವತ್ತು ವರ್ಷಗಳ ಹಿಂದೆ ಪಟ್ಟಣದ ತೆರಿಗೆಯನ್ನು ಹಳ್ಳಿಯ ಕೂಲಿಗೆ ಕಟ್ಟಿದ ಕಾಯ್ದೆಯ ಬಗ್ಗೆಯೂ ಅಲ್ಲಿ ಒಂದು ದಿನ ಚರ್ಚೆಯಾಗಲಿ. ಖಾನಾಪುರದ ಕೂಲಿಕಾರನಿಗೆ ಅದರ ಫಲ ಬೇಕಿದೆ.